ಆರು ಡಿಗ್ರಿಯ ಮಂಜುಗಡ್ಡೆ

ಹಿಮವನ್ನು ಕಣ್ಣಾರೆ ನೋಡದೆಯೇ ಎರಡು ಚಳಿಗಾಲ ನಾನು ಹಿಮದ ನಿಯಮ ಬರೆದೆ. ಅದೂ ಸಿಂಗಪುರದಲ್ಲಿ ಕುಳಿತು. ನಗುವವರು ನಗಬಹುದು, ಮೊದಮೊದಲು ನನಗೇ ನಗು ಬರುತ್ತಿತ್ತು. ಪಾಯಾ ಲೆಬಾರ್‌ನ ನಮ್ಮ ಆಫೀಸಿನಲ್ಲಿ ಎ.ಸಿ.ಗೆ ಹೆದರಿ ಶಾಲು ಹೊದೆಯುತ್ತೇನಲ್ಲ, ನನಗೆ ಗೊತ್ತಿದ್ದ ಚಳಿ ಅಷ್ಟೇ. ಹುಟ್ಟಿ ಬೆಳೆದದ್ದು ಗದಗದಲ್ಲಿ. ಅಲ್ಲಿ ಐಸ್ ಎಂದರೆ ಮರದ ಹೊಟ್ಟಿನಲ್ಲಿ ಮುಚ್ಚಿಟ್ಟು ಮದುವೆ ಮನೆಗೆ ತರುವ ವಸ್ತು.

ಕೆಲಸ ಏನೆಂದು ಹೇಳಿಬಿಡುತ್ತೇನೆ. ನಮ್ಮ ಕಂಪನಿ ಲಾರಿ ಮಾಲೀಕರಿಗೆ ಒಂದು ಮೊಬೈಲ್ ಆ್ಯಪ್ ಮಾಡಿಕೊಡುತ್ತದೆ. ಲಾರಿಗಳನ್ನು ನಿಲ್ಲಿಸುವ ಯಾರ್ಡ್ ಬಿಡುವ ಮುನ್ನ ಚಾಲಕ ಅದರಲ್ಲಿ ಬರುವ ಪ್ರಶ್ನೆಗಳಿಗೆ ಉತ್ತರ ಒತ್ತಬೇಕು. ಬ್ರೇಕ್ ಸರಿಯಿದೆಯೇ, ಟೈರ್ ಸರಿಯಿದೆಯೇ, ದೀಪ ಉರಿಯುತ್ತದೆಯೇ. ಉತ್ತರಗಳು ಚಾಲಕನ ಹೆಸರು, ಸಮಯದ ಸಮೇತ ವರದಿಯಾಗಿ ಮಾಲೀಕರಿಗೆ ಹೋಗುತ್ತವೆ. ಯಾವ ಊರಿನ ಕಾನೂನು ಏನು ಹೇಳುತ್ತದೆ, ಅದಕ್ಕೆ ತಕ್ಕ ಪ್ರಶ್ನೆ ಯಾವುದು, ಅದನ್ನು ಯಾವಾಗ ಕೇಳಬೇಕು, ಯಾವಾಗ ಬಿಡಬೇಕು ಎಂಬ ನಿಯಮ ಬರೆಯುವವಳು ನಾನು.

ನಮ್ಮ ಗ್ರಾಹಕರಲ್ಲಿ ಒಬ್ಬರ ಲಾರಿಗಳು ಅಮೆರಿಕದ ಉತ್ತರದ ಒಂದು ರಾಜ್ಯದಲ್ಲಿ ಓಡುತ್ತವೆ. ಅಲ್ಲಿ ಹಿಮದ ಬಗ್ಗೆ ಕಾನೂನಿದೆ. ರಸ್ತೆಗಿಳಿಯುವ ಮುನ್ನ ಬಾನೆಟ್, ಗಾಜು, ಲಾರಿ ಎಳೆಯುವ ಪೆಟ್ಟಿಗೆಯಂಥ ಟ್ರೇಲರಿನ ಚಾವಣಿ ಎಲ್ಲದರ ಮೇಲಿನ ಹಿಮವನ್ನೂ ಮಂಜುಗಡ್ಡೆಯನ್ನೂ ತೆಗೆಯಲು ಚಾಲಕ ತಕ್ಕ ಪ್ರಯತ್ನ ಮಾಡಿರಬೇಕು. ಮಾಡದೆ ಹೊರಟರೆ ದಂಡ. ಅದು ಹಾರಿ ಇನ್ನೊಬ್ಬರಿಗೆ ಬಡಿದರೆ ಹೆಚ್ಚಿನ ದಂಡ. ನಾನು ಕಾನೂನನ್ನು ಮೂರು ಸಲ ಓದಿ ಮೂರು ಪ್ರಶ್ನೆ ಬರೆದೆ: ಗಾಜು ಸ್ವಚ್ಛವೇ, ಬಾನೆಟ್ ಸ್ವಚ್ಛವೇ, ಚಾವಣಿ ಸ್ವಚ್ಛವೇ.

ಮೊದಲ ಚಳಿಗಾಲ ಮುಗಿಯುವ ಹೊತ್ತಿಗೆ ಚಾಲಕರಿಂದ ದೂರು ಬಂತು. ಬಿಸಿಲು ಹೊಡೆಯುತ್ತಿದ್ದರೂ ಆ್ಯಪ್ ಹಿಮದ ಬಗ್ಗೆ ಕೇಳುತ್ತದಂತೆ. ನಮ್ಮ ಮ್ಯಾನೇಜರ್ ಮೈಸೂರಿನವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಗಡಿಯಾರ ನೋಡಿಯೇ ಮಾತಾಡುವ ಮನುಷ್ಯ.

"ನೋಡಿ, ಒಂದು ಪ್ರಶ್ನೆಗೆ ಮೂರು ಸೆಕೆಂಡ್‌ಗಿಂತ ಜಾಸ್ತಿ ಆಗ್ಬಾರ್ದು. ಸ್ನೋ ಇಲ್ದೇ ಇರೋವಾಗ ಸ್ನೋ ಕೇಳಿದ್ರೆ ಡ್ರೈವರ್‌ಗಳು ಬೈಕೊಳ್ಳದೇ ಇನ್ನೇನ್ ಮಾಡ್ತಾರೆ? ಏನಾದ್ರೂ ಸ್ಮಾರ್ಟ್ ಆಗಿ ಮಾಡಿ" ಎಂದರು.

ಸ್ಮಾರ್ಟ್ ಆಗಿಯೇ ಮಾಡಿದೆ. ಲಾರಿಯ ಕನ್ನಡಿಯ ಬಳಿ ಹೊರಗಿನ ಉಷ್ಣತೆ ಅಳೆಯುವ ಸೆನ್ಸರ್ ಇರುತ್ತದೆ. ಅದು ನಾಲ್ಕು ಡಿಗ್ರಿಗಿಂತ ಮೇಲಿದ್ದರೆ ಹಿಮದ ಮೂರೂ ಪ್ರಶ್ನೆ ಕಾಣಿಸಿಕೊಳ್ಳಬಾರದು ಎಂದು ಬರೆದೆ. ನಾಲ್ಕೇ ಏಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಿಜ ಹೇಳಲು ನಾಚಿಕೆಯಾಗುತ್ತಿತ್ತು. ನಮ್ಮ ಮನೆಯ ಫ್ರಿಡ್ಜಿನ ಕೆಳಭಾಗ ನಾಲ್ಕು ಡಿಗ್ರಿ ತೋರಿಸುತ್ತದೆ, ಅಲ್ಲಿಟ್ಟ ನೀರು ಗಟ್ಟಿಯಾಗುವುದಿಲ್ಲ. ಲೆಕ್ಕ ಅಷ್ಟೇ.

ಆಗ ಇನ್ನೊಂದು ತೊಡಕು ಬಂತು. ವರದಿಯಲ್ಲಿ ಯಾವ ಜಾಗವನ್ನೂ ಖಾಲಿ ಬಿಡುವಂತಿಲ್ಲ, ಖಾಲಿ ಬಿಟ್ಟರೆ ಗ್ರಾಹಕರ ಕಂಪ್ಯೂಟರ್ ಅದನ್ನು ತೆಗೆದುಕೊಳ್ಳದೆ ಹಿಂದಕ್ಕೆ ಕಳಿಸುತ್ತದೆ. ಕೇಳದ ಪ್ರಶ್ನೆಗೂ ಏನಾದರೂ ಉತ್ತರ ತುಂಬಲೇಬೇಕು. ಹಿಮವೇ ಇಲ್ಲದ ಚಾವಣಿ ಸ್ವಚ್ಛವಾದ ಚಾವಣಿಯೇ ಅಲ್ಲವೇ ಎಂದುಕೊಂಡು 'ಹೌದು' ಎಂದು ತುಂಬಿಸಿದೆ. ಮ್ಯಾನೇಜರ್ ಒಪ್ಪಿಗೆಯ ಮೇಲ್ ಕಳಿಸಿದರು. ಆ ತಿಂಗಳ ಮೀಟಿಂಗ್‌ನಲ್ಲಿ ನನಗೆ ಚಪ್ಪಾಳೆಯೂ ಬಿತ್ತು. ಹಿಗ್ಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಎರಡನೆಯ ಚಳಿಗಾಲದ ನಡುವೆ, ಒಂದು ಗುರುವಾರ ಬೆಳಗ್ಗೆ, ಆ ಲಾರಿ ಕಂಪನಿಯ ಸುರಕ್ಷತಾ ಅಧಿಕಾರಿಯಿಂದ ಮೇಲ್ ಬಂತು. ಅವರ ಒಂದು ಲಾರಿ ಹೆದ್ದಾರಿಯಲ್ಲಿ ಹೋಗುವಾಗ ಟ್ರೇಲರಿನ ಚಾವಣಿಯಿಂದ ಬಾಗಿಲಿನಷ್ಟು ಅಗಲದ ಮಂಜುಗಡ್ಡೆಯ ಹಾಳೆ ಎದ್ದು ಹಾರಿ, ಹಿಂದೆ ಬರುತ್ತಿದ್ದ ಕಾರಿನ ಗಾಜಿಗೆ ಅಪ್ಪಳಿಸಿತ್ತು. ಕಾರು ಓಡಿಸುತ್ತಿದ್ದ ಹೆಂಗಸಿನ ಹಣೆಗೆ ಹೊಲಿಗೆ ಬಿದ್ದಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ಪೊಲೀಸರು ಲಾರಿ ಚಾಲಕನಿಗೆ ದಂಡದ ಚೀಟಿ ಕೊಟ್ಟಿದ್ದರು.

ಆ ದಂಡ ಇದ್ದದ್ದೇ. ಅದಕ್ಕಿಂತ ಹೆಚ್ಚಿನ ಆಪತ್ತು ಲಾರಿ ಕಂಪನಿಯ ಒಳಗಿನ ವಿಚಾರಣೆಯಲ್ಲಿತ್ತು. ಆ ಬೆಳಗಿನ ನಮ್ಮ ವರದಿಯಲ್ಲಿ ಚಾಲಕನ ಹೆಸರಿನ ಮುಂದೆ 'ಚಾವಣಿ ಸ್ವಚ್ಛ: ಹೌದು, 6:12' ಎಂದಿತ್ತು. ಚಾಲಕ ಮಾತ್ರ, ಚಾವಣಿಯ ಬಗ್ಗೆ ನನ್ನನ್ನು ಯಾರೂ ಏನೂ ಕೇಳಲಿಲ್ಲ ಎನ್ನುತ್ತಿದ್ದರು. ಅವರು ಐವತ್ತು ದಾಟಿದವರು, ಇಪ್ಪತ್ತು ವರ್ಷದಿಂದ ಲಾರಿ ಓಡಿಸಿಕೊಂಡು ಬಂದವರು. ಸುಳ್ಳು ಘೋಷಣೆ ಎಂದು ತೀರ್ಮಾನವಾದರೆ ಕೆಲಸ ಹೋಗುತ್ತದೆ, ಮತ್ತು ಆ ಮಾತು ಅವರ ದಾಖಲೆಯಲ್ಲಿ ಕುಳಿತರೆ ಇನ್ನೊಂದು ಕಂಪನಿ ಕರೆಯುವುದಿಲ್ಲ. ಅಧಿಕಾರಿ ನಮ್ಮಿಂದ ಕೇಳಿದ್ದು ಒಂದೇ ಸಾಲಿನ ಪ್ರಮಾಣಪತ್ರ: ಈ ದಾಖಲೆಯನ್ನು ಯಾರೂ ತಿದ್ದಿಲ್ಲ ಎಂದು. ಸೋಮವಾರದೊಳಗೆ ಕೊಡಬೇಕಿತ್ತು.

ಯಾವ ಉತ್ತರ ಯಾವಾಗ ಬಿತ್ತೆಂದು ಕಂಪ್ಯೂಟರ್ ಬರೆದಿಡುವ ಲಾಗ್ ತೆಗೆದು ನೋಡಿದೆ. ಬ್ರೇಕ್ ಪ್ರಶ್ನೆಗೂ ಟೈರ್ ಪ್ರಶ್ನೆಗೂ ನಡುವೆ ಎರಡು ಸೆಕೆಂಡು, ಟೈರ್‌ಗೂ ದೀಪಕ್ಕೂ ನಡುವೆ ಮೂರು. ಮನುಷ್ಯರ ಬೆರಳು ಹಾಗೆಯೇ ನಡೆಯುತ್ತದೆ. ಹಿಮದ ಮೂರು ಉತ್ತರಗಳು ಮಾತ್ರ ಸೆಕೆಂಡಿನ ಸಾವಿರದ ಒಂದು ಪಾಲಿನವರೆಗೂ ಒಂದೇ ಸಮಯದಲ್ಲಿ ಬಿದ್ದಿದ್ದವು. ಆಗ ಹೊರಗಿನ ಉಷ್ಣತೆ ಆರು ಡಿಗ್ರಿ. ಆ 'ಹೌದು' ಒತ್ತಿದ್ದು ಅವರಲ್ಲ, ನಾನು. ಪ್ಯಾಂಟ್ರಿಗೆ ಹೋಗಿ ನೀರು ಕುಡಿದು ಬಂದೆ.

ಮ್ಯಾನೇಜರ್‌ಗೆ ತೋರಿಸಿದೆ. ಅವರು ಪರದೆಯನ್ನು ತಮ್ಮತ್ತ ತಿರುಗಿಸಿಕೊಂಡು ಸಾಲುಗಳನ್ನು ಓದಿದರು.

"ಸರಿ, ಪ್ರಶ್ನೆ ಹೈಡ್ ಆಗಿತ್ತು. ಆದ್ರೆ ಆರು ಡಿಗ್ರಿನಲ್ಲಿ ಐಸ್ ಎಲ್ಲಿಂದ ಬಂತು? ಫ್ರಿಡ್ಜ್‌ನಲ್ಲೇ ಇರಲ್ಲ. ಅದು ಬೇರೆ ಯಾವುದೋ ಗಾಡಿದಿರಬೇಕು. ಇಲ್ಲಾ ಸೆನ್ಸರ್ ಹೋಗಿರಬೇಕು."

ಈ ಮಾತು ನನಗೆ ಹಿತವಾಗಿ ಕೇಳಿಸಿತು. ಐಸ್ ಬೇರೆ ಗಾಡಿಯದಾದರೆ ನನ್ನ ನಿಯಮ ಸರಿ, ಚಾಲಕರದೂ ತಪ್ಪಿಲ್ಲ, ಎಲ್ಲರೂ ಪಾರು. ಶುಕ್ರವಾರ ಪೂರ್ತಿ ಅದನ್ನೇ ಸಾಬೀತು ಮಾಡಲು ಹೊರಟೆ. ಸೆನ್ಸರಿನ ಅಂಕಿಗಳನ್ನು ಅದೇ ಯಾರ್ಡಿನ ಉಳಿದ ಲಾರಿಗಳ ಜೊತೆ ತಾಳೆ ನೋಡಿದೆ, ಎಲ್ಲ ಕೂಡಿ ಬಂದವು. ಸೆನ್ಸರ್ ಕೆಟ್ಟಿರಲಿಲ್ಲ. ಹಿಂದಿನ ಎರಡು ದಿನ ಉಷ್ಣತೆ ಸೊನ್ನೆಗಿಂತ ಕೆಳಗಿತ್ತು, ಮೂರನೆಯ ದಿನ ನಸುಕಿನಲ್ಲಿ ಬೆಚ್ಚಗಿನ ಗಾಳಿ ಬೀಸಿ ಸರಸರನೆ ಆರಕ್ಕೇರಿತ್ತು. ಐಸ್ ಬೇರೆ ಗಾಡಿಯದು ಎನ್ನಲೂ ಆಗಲಿಲ್ಲ, ಯಾಕೆಂದರೆ ಅಧಿಕಾರಿ ಕಳಿಸಿದ್ದ, ಏಟು ತಿಂದ ಕಾರಿನ ಕ್ಯಾಮೆರಾದ ದೃಶ್ಯ ಆ ಟ್ರೇಲರನ್ನೇ ತೋರಿಸುತ್ತಿತ್ತು. ಸಂಜೆಗೆ ನನ್ನ ಹತ್ತಿರ ಉಳಿದದ್ದು ಅರ್ಥವಾಗದ ಒಂದೇ ಸಂಗತಿ: ಆರು ಡಿಗ್ರಿಯಲ್ಲಿ ಬಾಗಿಲಿನಷ್ಟು ದೊಡ್ಡ ಐಸ್.

ಶನಿವಾರ ಬೆಳಗ್ಗೆ ಬೆಡೋಕ್‌ನ ಮಾರ್ಕೆಟ್ಟಿಗೆ ಹೋದೆ. ನಾವಿರುವುದು ಅಲ್ಲೇ, ಎರಡು ಬ್ಲಾಕ್ ಆಚೆ. ನಾನು ತೆಗೆದುಕೊಳ್ಳುವ ತರಕಾರಿ ಅಂಗಡಿ ಮಾರ್ಕೆಟ್ಟಿನ ಆ ತುದಿಗೆ, ನಡುವೆ ಮೀನಿನ ಸಾಲು. ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಒಲೆಯ ಹತ್ತಿರ ಬರುವುದಿಲ್ಲ. ಹಾಗಾಗಿ ಎಂಟು ವರ್ಷದಿಂದ ಹೊರಗಿನಿಂದ ಸುತ್ತು ಹಾಕಿಯೇ ತರಕಾರಿಗೆ ಹೋಗುವ ರೂಢಿ. ಅಂದು ಹೊರಗಿನ ದಾರಿ ತೊಳೆಯುತ್ತಿದ್ದರು, ಅಡ್ಡ ಹಗ್ಗ ಕಟ್ಟಿದ್ದರು. ಮೂಗಿಗೆ ದುಪಟ್ಟಾ ಹಿಡಿದು, ಕಣ್ಣು ನೆಲಕ್ಕೆ ನೆಟ್ಟು, ಮೀನಿನ ಸಾಲಿನ ನಡುವೆಯೇ ಬಿರಬಿರನೆ ನಡೆದೆ.

ಕಣ್ಣು ನೆಲದ ಮೇಲಿದ್ದದ್ದರಿಂದ ಕಾಲು ಉಳಿಯಿತು. ಅಂಗಡಿಯೊಂದರ ಇಳಿಜಾರಿನ ಸ್ಟೀಲ್ ಮೇಜಿನಿಂದ ದೊಡ್ಡದೊಂದು ಐಸ್ ಹಾಳೆ ಜರ್ರನೆ ಜಾರಿ ಬಂದು ನನ್ನ ಚಪ್ಪಲಿಯ ಮುಂದೆ ಬಿದ್ದು ಪುಡಿಯಾಯಿತು. ನಾನು ಚೀರಿದೆ. ಅಂಗಡಿಯ ಆಂಟಿ ರಬ್ಬರ್ ಬೂಟು ತಟಪಟ ಎನ್ನಿಸುತ್ತಾ ಈಚೆ ಬಂದರು. ಅರವತ್ತರ ಆಸುಪಾಸಿನ ಚೀನೀ ಹೆಂಗಸು.

"ಸಾರಿ, ಸಾರಿ! ಯು ಓಕೆ ಆ? ಎವ್ರಿ ಮಾರ್ನಿಂಗ್ ಲೈಕ್ ದಟ್ ವನ್. ಟಾಪ್ ಸ್ಟಿಲ್ ಹಾರ್ಡ್, ಬಾಟಮ್ ವಾಟರ್ ಆಲ್ರೆಡಿ. ದೆನ್ ಇಟ್ ರನ್ ಲಾ."

ಮೇಲೆ ಇನ್ನೂ ಗಟ್ಟಿ, ಕೆಳಗೆ ಆಗಲೇ ನೀರು, ಆಮೇಲೆ ಅದು ಓಡುತ್ತದೆ. ನಾನು ದುಪಟ್ಟಾ ಬಿಟ್ಟು ನಿಂತುಬಿಟ್ಟೆ. ಹೊರಗೆ ಮೂವತ್ತು ಡಿಗ್ರಿ ಬಿಸಿಲು, ಇಲ್ಲಿ ಮೇಜಿನ ತುಂಬ ಐಸ್. ಎಂಟು ವರ್ಷ ಅದು ನನ್ನಿಂದ ಹತ್ತು ಮಾರು ದೂರದಲ್ಲೇ ಇತ್ತು.

ಇನ್ನೊಂದು ಹಾಳೆ ಇಡುವುದನ್ನು ನೋಡಬಹುದೇ ಎಂದು ಕೇಳಿದೆ.

"ಯು ಇನ್‌ಸ್ಪೆಕ್ಟರ್ ಆ?"

ಅಲ್ಲ ಎಂದೆ. ಮೀನು ಕೊಳ್ಳುತ್ತೀಯಾ ಎಂದರು. ಮೀನು ತಿನ್ನುವುದಿಲ್ಲ ಎಂದೆ. ಹಾಗಿದ್ದರೆ ಇಲ್ಲಿ ನಿಂತು ಏನು ಮಾಡುತ್ತೀಯಾ ಎಂದು ಅವರು ನ್ಯಾಯವಾಗಿಯೇ ಕೇಳಿದರು. ಲಾರಿ ಮೇಲಿನ ಐಸ್ ಬಗ್ಗೆ ಹೇಳತೊಡಗಿದಾಗ ಕೈ ಬೀಸಿ, ನಿಂತುಕೋ, ಗಿರಾಕಿಗೆ ಅಡ್ಡ ನಿಲ್ಲಬೇಡ ಎಂದರು.

ಡಬ್ಬಿಯಲ್ಲಿ ರಾತ್ರಿಯಿಡೀ ಹೆಪ್ಪುಗಟ್ಟಿದ್ದ ಇನ್ನೊಂದು ಹಾಳೆಯನ್ನು ಮೇಜಿನ ಮೇಲೆ ಮಗುಚಿದರು. ನಾನು ಫೋನಿನಲ್ಲಿ ಸಮಯ ಇಟ್ಟುಕೊಂಡೆ. ಮೊದಲು ಐಸ್ ಸ್ಟೀಲಿಗೆ ಅಂಟಿಕೊಂಡಿತು, ಬೆರಳಿನಿಂದ ತಳ್ಳಿದರೂ ಜಗ್ಗಲಿಲ್ಲ. ಹನ್ನೆರಡನೆಯ ನಿಮಿಷಕ್ಕೆ ಮುಟ್ಟಿದರೆ ಅಲುಗಿತು. ಹತ್ತೊಂಬತ್ತನೆಯ ನಿಮಿಷಕ್ಕೆ ಯಾರೂ ಮುಟ್ಟದೆ ತಾನಾಗಿ ಜಾರಿತು. ಆಂಟಿ ನೋಡದೆಯೇ ಎಡಗೈ ಚಾಚಿ ಅದನ್ನು ತಡೆದರು.

ಕೊರೆಯುವ ಚಳಿಯಲ್ಲಿ ಐಸ್ ತಗಡಿಗೆ ಕಚ್ಚಿಕೊಂಡಿರುತ್ತದೆ. ಬೆಚ್ಚಗಾದಾಗ ಮೊದಲು ಬಿಡುವುದು ಅಡಿಭಾಗ. ಹೀಗಾಗಿ ಅಪಾಯದ ಗಳಿಗೆ ಮೈನಸ್ ಹತ್ತು ಅಲ್ಲ, ಎರಡು ದಿನದ ಮೈನಸ್ ಹತ್ತಾದ ಮೇಲೆ ಬರುವ ಆರು. ನನ್ನ ನಿಯಮ ಬಾಯಿ ಮುಚ್ಚಿಕೊಳ್ಳುತ್ತಿದ್ದದ್ದು ಸರಿಯಾಗಿ ಆ ಗಳಿಗೆಯಲ್ಲೇ. ಮೆಂತ್ಯ ಸೊಪ್ಪು ಕೊಳ್ಳುವುದನ್ನು ಮರೆತು ಮನೆಗೆ ಬಂದೆ. ಐಸ್ ಮುಟ್ಟಿದ ಬೆರಳನ್ನು ಮಾತ್ರ ಮರೆಯದೆ ಮೂರು ಸಲ ಸೋಪು ಹಚ್ಚಿ ತೊಳೆದೆ.

ಭಾನುವಾರ ಪ್ರಮಾಣಪತ್ರದ ಎರಡು ಕರಡು ಬರೆದೆ. ಮೊದಲನೆಯದು ಅವರು ಕೇಳಿದ್ದ ಒಂದೇ ಸಾಲು, ದಾಖಲೆಯನ್ನು ತಿದ್ದಿಲ್ಲ ಎಂಬುದು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಎರಡನೆಯದು ಒಂದೂವರೆ ಪುಟ.

ಸೋಮವಾರ ಬೆಳಗ್ಗೆ ಎರಡನ್ನೂ ಮ್ಯಾನೇಜರ್ ಮುಂದಿಟ್ಟೆ. ಅವರು ಒಂದೂವರೆ ಪುಟವನ್ನು ನಿಧಾನವಾಗಿ ಓದಿದರು.

"ಅವರು ಕೇಳಿರೋದು ತಿದ್ದಿದ್ದೀರಾ ಅಂತ ಅಷ್ಟೇ. ತಿದ್ದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡೋಣ. ರೂಲ್ ಸರಿ ಮಾಡೋದು ಬೇರೆ ವಿಷ್ಯ, ಅದನ್ನ ಸೈಲೆಂಟಾಗಿ ನೆಕ್ಸ್ಟ್ ರಿಲೀಸ್‌ನಲ್ಲಿ ಹಾಕೋಣ."

"ಡ್ರೈವರ್?"

"ಅದು ಅವರ ಇಂಟರ್ನಲ್ ಮ್ಯಾಟರ್. ಈ ಕ್ಲೈಂಟ್ ಹೋದ್ರೆ ನಮ್ಮ ಟೀಮೇ ಇರಲ್ಲ. ನೀವೂ ಪಾಸ್ ಮೇಲೆ ಇದೀರಾ, ನಾನೂ ಪಾಸ್ ಮೇಲೆ ಇದೀನಿ."

ಅದು ಬೆದರಿಕೆಯಾಗಿರಲಿಲ್ಲ, ಇದ್ದ ಸ್ಥಿತಿಯೇ ಹಾಗಿತ್ತು. ಕೆಲಸ ಹೋದರೆ ಈ ದೇಶದಲ್ಲಿರಲು ಸರ್ಕಾರ ಕೊಟ್ಟ ಪಾಸ್ ಹೋಗುತ್ತದೆ, ಪಾಸ್ ಹೋದರೆ ಮನೆ ಖಾಲಿ ಮಾಡಬೇಕು. ನನಗೂ ಭಯವಿತ್ತು. ಆದರೆ ಸಾವಿರದ ಒಂದು ಪಾಲಿನ ಆ ಸೆಕೆಂಡು ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಆಫೀಸಿನಲ್ಲಿ ಎಲ್ಲರ ಹಾಗೆ ಬೆಂಗಳೂರು ಕನ್ನಡ ಮಾತಾಡುವವಳು ನಾನು. ಸಿಟ್ಟು ಬಂದಾಗ ಮಾತ್ರ ಊರು ಹೊರಗೆ ಬರುತ್ತದೆ.

"ಆಗಂಗಿಲ್ರೀ. ಆ ಮನಷ್ಯಾನ್ನ ನಾವು ಕೇಳೇ ಇಲ್ಲ. ಕೇಳಲಾರ್ದ ಅವ್ನ ಹೆಸರಿನ್ಯಾಗ 'ಹೌದು' ಅಂತ ಬರದೇವಿ. ಈಗ ಅವ್ನ ಸುಳ್ಳ ಹೇಳ್ಯಾನ ಅಂತ ಕೆಲಸದಿಂದ ತಗೀತಾರ. ಸುಳ್ಳ ಹೇಳಿದಾಕಿ ನಾನು, ಹೋಗಾಂವ ಅವ್ನ?"

ಆಚೆ ಟೇಬಲ್ಲಿನವರು ತಿರುಗಿ ನೋಡಿದರು. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ ಒಂದೂವರೆ ಪುಟದ ಕಾಗದ ಎತ್ತಿಕೊಂಡು, 'ಈ ನಿಯಮವನ್ನು ನಾನು ಬರೆದೆ' ಎಂಬ ಸಾಲಿನ ಮೇಲೆ ಬೆರಳಿಟ್ಟರು.

"ಇಲ್ಲಿ 'ನಾನು ಬರೆದೆ, ಮ್ಯಾನೇಜರ್ ಒಪ್ಪಿದರು' ಅಂತ ಹಾಕಿ. ನನ್ನ ಅಪ್ರೂವಲ್ ಮೇಲ್ ಇದೆಯಲ್ಲ, ಅದನ್ನೂ ಅಟ್ಯಾಚ್ ಮಾಡಿ. ಅರ್ಧ ಹೇಳಿದ್ರೆ ಆಮೇಲೆ ಅವರೇ ಹುಡುಕ್ತಾರೆ."

ಕಾರಣ ವ್ಯವಹಾರದ್ದೇ ಕೊಟ್ಟರು. ಆದರೆ ನಾನು ಆ ಮೇಲ್ ಕಳಿಸುವಾಗ ಪಕ್ಕದಲ್ಲೇ ನಿಂತಿದ್ದರು. ಅವರ ಬಗ್ಗೆ ಹಿಂದೆ ಆಡಿಕೊಂಡಿದ್ದ ಕೆಲವು ಮಾತುಗಳಿಗಾಗಿ ನನಗೆ ನಾಚಿಕೆಯಾಯಿತು.

ವಿಚಾರಣೆ ಅವರ ಸೋಮವಾರ ಸಂಜೆ, ಅಂದರೆ ನಮ್ಮ ಮಂಗಳವಾರ ಬೆಳಗ್ಗೆ ಆರೂವರೆಗೆ. ಮನೆಯ ಊಟದ ಮೇಜಿನಿಂದಲೇ ಸೇರಿಕೊಂಡೆ. ಪರದೆಯ ಮೇಲೆ ಸುರಕ್ಷತಾ ಅಧಿಕಾರಿ, ಪಕ್ಕದಲ್ಲಿ ಚಾಲಕ. ದಪ್ಪ ಜಾಕೆಟ್ಟಿನ ಅಗಲ ಮನುಷ್ಯ, ಟೋಪಿಯನ್ನು ಮಡಿಲಲ್ಲಿ ಹಿಡಿದುಕೊಂಡಿದ್ದರು. ನಾನು ಲಾಗಿನ ಸಾಲುಗಳನ್ನು ಒಂದೊಂದಾಗಿ ತೋರಿಸಿದೆ. ಬೆರಳಿನ ಉತ್ತರಗಳು ಇವು, ಯಂತ್ರದ ಉತ್ತರಗಳು ಇವು. ಪ್ರಶ್ನೆ ಇವರಿಗೆ ಕಾಣಿಸಲೇ ಇಲ್ಲ. ಉತ್ತರ ತುಂಬಿಸಿದ್ದು ನಾನು ಬರೆದ ನಿಯಮ. ಅಧಿಕಾರಿ ಎರಡು ಸಲ ಅದನ್ನೇ ಕೇಳಿ ಬರೆದುಕೊಂಡರು. ಪೊಲೀಸರ ದಂಡ ಹಾಗೆಯೇ ಇರುತ್ತದೆ, ಸುಳ್ಳು ಘೋಷಣೆಯ ಆರೋಪವನ್ನು ಕೈಬಿಟ್ಟಿದ್ದೇವೆ ಎಂದರು.

ಚಾಲಕ ಟೋಪಿಯನ್ನು ಒಮ್ಮೆ ತಿರುಗಿಸಿದರು. ಧನ್ಯವಾದ ಹೇಳುತ್ತಾರೆಂದು ನಾನು ಕಾದಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಅವರು ಹೇಳಿದ್ದು ಬೇರೆ. ನೀವು ಕೇಳಿದ್ದರೂ ನಾನು 'ಹೌದು' ಅಂತಲೇ ಒತ್ತುತ್ತಿದ್ದೆ, ಎಲ್ಲರೂ ಹಾಗೇ ಒತ್ತುವುದು ಎಂದರು. ಟ್ರೇಲರಿನ ಚಾವಣಿ ತಮ್ಮ ಎತ್ತರದ ಎರಡು ಪಟ್ಟಿಗಿಂತ ಮೇಲಿದೆಯಂತೆ. ಯಾರ್ಡಿನಲ್ಲಿ ಏಣಿ ಇಲ್ಲ, ಹತ್ತುವುದಕ್ಕೆ ಅಪ್ಪಣೆಯೂ ಇಲ್ಲ. ನೆಲದ ಮೇಲೆ ನಿಂತರೆ ಅದು ಕಾಣುವುದೇ ಇಲ್ಲ. 'ಇಲ್ಲ' ಎಂದು ಒತ್ತಿದರೆ ಲಾರಿ ಬಿಡುವುದಿಲ್ಲ, ಆ ದಿನದ ಸಂಬಳವಿಲ್ಲ. ನೀವು ಯಾವತ್ತಾದರೂ ಲಾರಿಯ ಚಾವಣಿ ನೋಡಿದ್ದೀರಾ ಎಂದು ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ.

ನೋಡಿಲ್ಲ ಎಂದೆ. ಸುರಕ್ಷತಾ ಅಧಿಕಾರಿ ತಮ್ಮ ಕಾಗದವನ್ನೇ ನೋಡುತ್ತಿದ್ದರು. ಅವರೂ ನೋಡಿರಲಿಲ್ಲ ಎಂದು ಕಾಣುತ್ತದೆ.

ಉಷ್ಣತೆಯ ನಿಯಮ ತಿದ್ದಲು ಒಂದು ದಿನ ಸಾಕಾಯಿತು. ಈಗಿನ ಉಷ್ಣತೆಯ ಬದಲು ಹಿಂದಿನ ಮೂರು ದಿನದ ಅತಿ ಕಡಿಮೆ ಉಷ್ಣತೆ ನೋಡುವಂತೆ ಮಾಡಿದೆ. ಖಾಲಿ ಜಾಗಕ್ಕೆ 'ಕೇಳಿಲ್ಲ' ಎಂಬ ಉತ್ತರ ಸೇರಿಸಿ, ಅದನ್ನು ತೆಗೆದುಕೊಳ್ಳುವಂತೆ ಗ್ರಾಹಕರ ಕಡೆಯವರನ್ನು ಒಪ್ಪಿಸಿದೆ. ಪ್ರಶ್ನೆಯನ್ನು ತಿದ್ದಲು ಮಾತ್ರ ಒಂದು ವಾರ ಹಿಡಿಯಿತು. 'ಚಾವಣಿ ಸ್ವಚ್ಛವೇ' ಎಂಬುದನ್ನು ತೆಗೆದು 'ಚಾವಣಿಯನ್ನು ನೋಡಿದಿರಾ' ಎಂದು ಬರೆದೆ. ಉತ್ತರಗಳು ಮೂರು: ನೋಡಿ ಸ್ವಚ್ಛ ಮಾಡಿದೆ, ನೋಡಿದೆ ಏನೂ ಇರಲಿಲ್ಲ, ನೋಡಲು ಸಾಧ್ಯವಾಗಲಿಲ್ಲ. ಮೂರನೆಯದನ್ನು ಒತ್ತಿದರೆ ಅದು ಚಾಲಕನ ತಪ್ಪಾಗುವುದಿಲ್ಲ. ಯಾರ್ಡಿನ ಮೇಲ್ವಿಚಾರಕರ ಫೋನಿಗೆ ಹೋಗುತ್ತದೆ, ಅವರು ಚಾವಣಿಯ ಹೊಣೆ ಒಪ್ಪಿ ಹೆಸರು ಹಾಕುವವರೆಗೆ ಲಾರಿ ಹೊರಡುವುದಿಲ್ಲ, ಚಾಲಕನ ಸಂಬಳದ ಸಮಯ ಎಣಿಕೆಯಾಗುತ್ತಲೇ ಇರುತ್ತದೆ. ಗ್ರಾಹಕರು ಇದಕ್ಕೆ ತಕರಾರು ಮಾಡಿದರು. ಮ್ಯಾನೇಜರ್ ಎರಡು ಮೀಟಿಂಗ್ ಕುಳಿತು ಒಪ್ಪಿಸಿದರು. ಏನು ಹೇಳಿ ಒಪ್ಪಿಸಿದರೋ ನನಗೆ ಹೇಳಲಿಲ್ಲ.

ಹೊಸ ಪ್ರಶ್ನೆ ಜಾರಿಗೆ ಬಂದ ಮೊದಲ ದಿನ, ಅಲ್ಲಿ ಬೆಳಗಾಗುವ ಹೊತ್ತಿಗೆ ಇಲ್ಲಿ ಸಂಜೆ ಏಳು. ಮ್ಯಾನೇಜರ್ ಕೂಡ ಮನೆಗೆ ಹೋಗದೆ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತಿದ್ದರು. ಹಿಂದಿನ ರಾತ್ರಿ ಆ ಯಾರ್ಡಿನಲ್ಲಿ ಹಿಮ ಬಿದ್ದಿತ್ತು. ಮೊದಲ ಉತ್ತರ ಆ ಚಾಲಕರದೇ ಬಂತು. ಬ್ರೇಕ್, ಎರಡು ಸೆಕೆಂಡು. ಟೈರ್, ಮೂರು. ದೀಪ, ಎರಡು. ಗಾಜು, ಬಾನೆಟ್, ಎರಡೆರಡು. ಚಾವಣಿಗೆ ಬಂದಾಗ ಸಾಲು ನಿಂತುಬಿಟ್ಟಿತು. ಹತ್ತಾಯಿತು, ಇಪ್ಪತ್ತಾಯಿತು. ನಲವತ್ತೊಂದನೆಯ ಸೆಕೆಂಡಿಗೆ ಉತ್ತರ ಬಿತ್ತು: ನೋಡಲು ಸಾಧ್ಯವಾಗಲಿಲ್ಲ.

ಅವರ ಹಿಂದೆ ಆ ಯಾರ್ಡಿನ ಉಳಿದ ಲಾರಿಗಳೂ ಒಂದೊಂದಾಗಿ ಅದನ್ನೇ ಹೇಳಿದವು.

"ಈ ಒಂದ್ ಪ್ರಶ್ನೆಗೆ ಟೈಮ್ ತುಂಬಾ ಜಾಸ್ತಿ ಆಗ್ತಿದೆ" ಎಂದರು ಮ್ಯಾನೇಜರ್, ಅಭ್ಯಾಸಬಲದಿಂದ. ಆಮೇಲೆ ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡು, "ಆಗ್ಲಿ ಬಿಡಿ" ಎಂದರು.